ಬೆಂಚಿನ ಮೇಲಿನ ನಗು

ಎಡಗಾಲಿನ ಶೂ ಹಿಮ್ಮಡಿಯ ಹತ್ತಿರ ಸಿಕ್ಕಿಕೊಂಡು ಮುಂದಕ್ಕೆ ಹೋಗುತ್ತಿರಲಿಲ್ಲ. ಹೊಲಿಗೆಯಮ್ಮ ನೆಲದ ಮೇಲೆ ಮಂಡಿಯೂರಿ ಕೂತು, ಗಂಡನ ಪಾದವನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಿಂದ ಶೂವನ್ನು ಒತ್ತುತ್ತಿದ್ದಳು.

"ಬಿಡಿ ಅತ್ತಿಗೆ, ಹೇಗೂ ಕಾಲಿನ ಮೇಲೆ ಬಟ್ಟೆ ಮುಚ್ತಾರೆ. ಯಾರು ನೋಡ್ತಾರೆ?" ಎಂದಳು ನಾದಿನಿ. ಅತ್ತು ಅತ್ತು ಅವಳ ದನಿ ಕಟ್ಟಿಹೋಗಿತ್ತು, ಆದರೆ ಬಾಯಿ ಸುಮ್ಮನಿರುವ ಜಾತಿಯದಲ್ಲ.

"ಇವ್ರು ಒಂದಿನಾನೂ ಬರಿಗಾಲಲ್ಲಿ ಹೊಸ್ತಿಲು ದಾಟಿದೋರಲ್ಲ. ಇವತ್ತು ಯಾಕೆ ದಾಟ್ಬೇಕು?"

ಮಗಳು ಅಡುಗೆಮನೆಯಿಂದ ಉದ್ದನೆಯ ಚಮಚ ತಂದುಕೊಟ್ಟಳು. ಅದನ್ನು ಹಿಮ್ಮಡಿಯ ಹಿಂದೆ ತೂರಿಸಿ ಒಂದು ಸಲ ಎಳೆದದ್ದೇ, ಶೂ ಒಳಗೆ ಕೂತಿತು. ಹೊಲಿಗೆಯಮ್ಮ ಲೇಸು ಕಟ್ಟಿದಳು. ಪೆಟ್ಟಿಗೆಯ ಅಂಗಡಿಯಿಂದ ಬಂದಿದ್ದ ಇಬ್ಬರು ಆಳುಗಳು ಗೋಡೆಗೆ ಒರಗಿ, ಇದು ಮುಗಿಯುವುದನ್ನೇ ಕಾಯುತ್ತಿದ್ದರು.

"ಅಲ್ಲಾ, ನಮ್ಮಣ್ಣ ಅಂಗಡಿ ಅಂಗಡಿಗೆ ಹೋಗಿ ತಕ್ಕಡಿ ಸರಿ ಇದ್ಯಾ ಅಂತ ನೋಡ್ತಿದ್ದ, ಅಷ್ಟೇ ತಾನೇ?" ನಾದಿನಿ ಅಣ್ಣನ ಇನ್ನೊಂದು ಅಂಗಾಲನ್ನು ಮುಟ್ಟಿ ನೋಡಿದಳು. "ಅಂಚೆಯವನ ಕಾಲಿಗಿಂತ ಗಟ್ಟಿಯಾಗಿದ್ಯಲ್ಲ ಇದು! ಆ ಇಲಾಖೆಯೋರು ಒಂದು ಸೈಕಲ್ಲಾದ್ರೂ ಕೊಡ್ಬಾರ್ದಿತ್ತಾ?"

ಎದುರುಮನೆಯ ಕೆಳಗೆ ಅಂಗಡಿ ಇಟ್ಟಿದ್ದ ದಿನಸಿಯವನು ಬಾಗಿಲಲ್ಲೇ ನಿಂತಿದ್ದ. ಕೈಯಲ್ಲಿ ಬಿಳಿ ಹೂವಿನ ಗೊಂಚಲಿತ್ತು. "ತಕ್ಕಡಿ ಸಾಹೇಬ್ರಂಥೋರು ಇನ್ನೊಬ್ರು ಸಿಗಲ್ಲ ಬಿಡಿ," ಎಂದ ಅವನು. "ಎದುರಿಗೇ ನನ್ನ ಅಂಗಡಿ. ಇಷ್ಟು ವರ್ಷದಲ್ಲಿ ಒಂದಿನಾದ್ರೂ ಒಳಗೆ ಬಂದು ನನ್ನ ತಕ್ಕಡಿ ಮುಟ್ಟಿ ನೋಡಿದ್ರಾ? ನಂಬಿಕೆ ಅಂದ್ರೆ ಹಾಗಿರ್ಬೇಕು."

"ನಂಬಿಕೆನೋ, ಸೋಮಾರಿತನಾನೋ," ಎಂದಳು ನಾದಿನಿ. ಸಾವಿನ ಮನೆಯಾದರೂ ನಾಲ್ಕು ಜನ ಮೂಗಿನಲ್ಲೇ ನಕ್ಕರು. ಹೊಲಿಗೆಯಮ್ಮ ಮಾತ್ರ ತಲೆ ಎತ್ತಲಿಲ್ಲ. ಸರಿಯಾದ ತಕ್ಕಡಿ ಯಾವುದು, ಮೋಸದ ತಕ್ಕಡಿ ಯಾವುದು ಎಂದು ತನ್ನ ಗಂಡನಿಗೆ ಎಳ್ಳಷ್ಟೂ ಗೊತ್ತಿರಲಿಲ್ಲ ಎಂಬುದು ಆ ಕೋಣೆಯಲ್ಲಿ ಅವಳೊಬ್ಬಳಿಗೇ ಗೊತ್ತಿತ್ತು. ಅವನು ಜೀವಮಾನದಲ್ಲಿ ಒಂದೇ ಒಂದು ತಕ್ಕಡಿಯನ್ನೂ ಪರೀಕ್ಷೆ ಮಾಡಿದವನಲ್ಲ.

ಎದ್ದು ನಿಂತವಳು ಮತ್ತೆ ಕಿಟಕಿಯ ಕಡೆ ನೋಡಿದಳು. ಆ ಕಿಟಕಿಯ ಪಕ್ಕದಲ್ಲೇ ಹೊಲಿಗೆ ಯಂತ್ರ ಇತ್ತು. ಮದುವೆಯಾಗಿ ಬಂದಾಗಿನಿಂದ ಅಲ್ಲೇ ಕೂತು ಬೀದಿಯವರ ಬಟ್ಟೆಗಳನ್ನೆಲ್ಲ ಹೊಲಿದುಕೊಟ್ಟದ್ದಕ್ಕೆ ಜನ ಅವಳನ್ನು ಹೊಲಿಗೆಯಮ್ಮ ಎಂದೇ ಕರೆಯುತ್ತಿದ್ದರು.

"ಬೆಳಗ್ಗಿಂದ ಅದೇ ಕಿಟಕಿ ನೋಡ್ತಿದೀಯ. ಯಾರನ್ನ ಕಾಯ್ತಿದೀಯಮ್ಮ?" ಎಂದು ಮಗಳು ಕೇಳಿದಳು.

"ಯಾರನ್ನೂ ಇಲ್ಲ."

ಅದು ಸುಳ್ಳು. ಒಬ್ಬಳು ಬರಬೇಕಿತ್ತು. ಅವಳ ಹೆಸರು ಗೊತ್ತಿರಲಿಲ್ಲ, ಮನೆ ಗೊತ್ತಿರಲಿಲ್ಲ. ಕಂಡದ್ದು ಒಂದೇ ಸಲ, ಅದೂ ರಸ್ತೆಯ ಆಚೆ ಬದಿಯಿಂದ. ಅವಳನ್ನು ಒಂದೇ ಒಂದು ಮಾತು ಕೇಳುವುದಿತ್ತು. ಆ ಮಾತನ್ನು ಗಂಡನನ್ನೇ ಕೇಳಬಹುದಿತ್ತು, ವರ್ಷಗಟ್ಟಲೆ ಪಕ್ಕದಲ್ಲೇ ಮಲಗಿದ್ದವನು. ಕೇಳದೆ ಹೊಟ್ಟೆಯೊಳಗೇ ಇಟ್ಟುಕೊಂಡು ಕಾಲ ಕಳೆದಳು. ಈಗ ಉತ್ತರ ಹೇಳಬಲ್ಲವಳು ಭೂಮಿಯ ಮೇಲೆ ಆ ಹೆಂಗಸೊಬ್ಬಳೇ. ಅವಳ ಕಣ್ಣಿಗೆ ಬೀಳಲೆಂದೇ ಹೊಲಿಗೆಯಮ್ಮ ಪತ್ರಿಕೆಯಲ್ಲಿ ಸಾವಿನ ಸುದ್ದಿಯನ್ನು ದೊಡ್ಡ ಅಕ್ಷರದಲ್ಲಿ ಹಾಕಿಸಿದ್ದಳು. ಇವತ್ತು ಬಾರದಿದ್ದರೆ ಅವಳು ಇನ್ನು ಯಾವತ್ತೂ ಬರುವುದಿಲ್ಲ.

ಆಳುಗಳು ಪೆಟ್ಟಿಗೆಯ ಮುಚ್ಚಳ ಎತ್ತಿಕೊಂಡರು.

*

ಮದುವೆಯಾದ ಹೊಸತು. ಅಡುಗೆಮನೆಯಲ್ಲಿ ನಲ್ಲಿಯನ್ನು ಜೋರಾಗಿ ತಿರುಗಿಸಿ, ನೀರಿನ ಸದ್ದಿನಲ್ಲಿ ಅವನು ಹೇಳಿದ್ದ: "ನಾನು ತೂಕ ಮತ್ತು ಅಳತೆ ಇಲಾಖೆಯವನಲ್ಲ. ಯಾರು ಕೇಳಿದ್ರೂ ಆ ಇಲಾಖೆಯವನೇ. ನಿಮ್ಮಪ್ಪ ಕೇಳಿದ್ರೂ."

"ಮತ್ತೆ ಏನು ಕೆಲಸ?"

"ನಡೆಯೋದು. ಯಾರ ಹಿಂದೆ ನಡೀಬೇಕು ಅಂತ ಹೇಳ್ತಾರೆ. ಅವ್ರು ಎಲ್ಲಿಗೆ ಹೋಗ್ತಾರೆ, ಯಾರನ್ನ ನೋಡ್ತಾರೆ, ಅದನ್ನ ಬಂದು ಹೇಳೋದು."

"ಕಳ್ಳರ ಹಿಂದೆನಾ?"

"ಕಳ್ಳರನ್ನ ಪೊಲೀಸ್ರು ನೋಡ್ಕೋತಾರೆ. ಇವ್ರು ದೇಶದ ಗುಟ್ಟು ಮಾರೋರು. ಒಂದೊಂದು ಸಲ ಕೊಳ್ಳೋರು." ಆಮೇಲೆ ಅವಳ ಮುಖ ನೋಡದೆ ಸೇರಿಸಿದ. "ಬೀದೀಲಿ ನಾನು ಕಂಡ್ರೆ ಮಾತಾಡಿಸ್ಬೇಡ. ನಾನೂ ಮಾತಾಡಿಸಲ್ಲ. ಅಲ್ಲಿ ನೀನು ಯಾರೋ, ನಾನು ಯಾರೋ."

"ಮನೇಲೂ ಹಾಗೇ ತಾನೇ ಇರ್ತೀರಿ," ಎಂದು ಅವಳು ತಮಾಷೆ ಮಾಡಿದ್ದಳು.

ಆ ತಮಾಷೆ ನಿಜವಾಗುತ್ತಾ ಹೋಯಿತು. ಅವನು ಒರಟನಲ್ಲ. ಕುಡಿಯಲಿಲ್ಲ, ಕೈ ಎತ್ತಲಿಲ್ಲ, ಮಗಳಿಗೆ ಜ್ವರ ಬಂದರೆ ರಾತ್ರಿಯಿಡೀ ಎತ್ತಿಕೊಂಡು ಓಡಾಡುತ್ತಿದ್ದ. ಆದರೆ ಮನೆಗೆ ಬಂದು ಕುರ್ಚಿಯಲ್ಲಿ ಕೂತನೆಂದರೆ ತುಟಿ ಎರಡು ಮಾಡುವುದೇ ಅಪರೂಪ. ಊಟ ಚೆನ್ನಾಗಿದ್ದರೆ ತಲೆಯಾಡಿಸುವುದು, ಇಲ್ಲದಿದ್ದರೂ ತಲೆಯಾಡಿಸುವುದು. ಅವಳು ಅವನಿಗೆ ಒಂದು ಮಗ್ಗುಲು ಕಂದು, ಇನ್ನೊಂದು ಮಗ್ಗುಲು ಬೂದು ಬಣ್ಣದ, ತಿರುಗಿಸಿ ಹಾಕಿಕೊಳ್ಳಬಹುದಾದ ಕೋಟುಗಳನ್ನು ಹೊಲಿದು ಕೊಡುತ್ತಿದ್ದಳು. ಬೆಳಿಗ್ಗೆ ಕಂದು ಹಾಕಿಕೊಂಡು ಹೋದವನು ಸಂಜೆ ಬೂದು ಬಣ್ಣದಲ್ಲಿ ಬರುತ್ತಿದ್ದ. ಅವನ ಕೆಲಸದ ಬಗ್ಗೆ ಅವಳಿಗೆ ತಿಳಿಯುತ್ತಿದ್ದದ್ದು ಇಷ್ಟೇ.

ಮಗಳು ಶಾಲೆಗೆ ಹೋಗುವ ಕಾಲಕ್ಕೆ ಅವಳು ಮತ್ತೆ ಬಸುರಿಯಾದಳು. ನಡುವೆ ಒಂದು ಸಲ ನಿಂತದ್ದು ಜಾರಿಹೋಗಿತ್ತು, ಆಗ ಅವನು ವಾರಗಟ್ಟಲೆ ಸರಿಯಾಗಿ ಊಟ ಮಾಡಿರಲಿಲ್ಲ. ಈ ಸಲ ಗಟ್ಟಿಯಾದ ಮೇಲೆ ಹೇಳೋಣವೆಂದು ಬಾಯಿಗೆ ಬೀಗ ಹಾಕಿಕೊಂಡಳು. ಹೇಳುವ ದಿನ ಹತ್ತಿರ ಬಂದಿತ್ತು. ಅಷ್ಟರಲ್ಲಿ ಒಂದು ಬೆಳಿಗ್ಗೆ, ಅವನು ಹೊರಟುಹೋದ ಮೇಲೆ, ನೋವು ಶುರುವಾಯಿತು. ಒಬ್ಬಳೇ ಆಸ್ಪತ್ರೆಗೆ ಹೋದಳು. ವೈದ್ಯೆ ತಲೆಯಲ್ಲಾಡಿಸಿದಳು. ಒಳಗೆಲ್ಲ ಶುಚಿ ಮಾಡಿ, ಮಧ್ಯಾಹ್ನದವರೆಗೆ ಮಲಗಿಸಿ, ಮನೆಗೆ ಕಳಿಸಿದರು. ಇನ್ನು ಆಸೆ ಇಟ್ಟುಕೊಳ್ಳಬೇಡ ಎಂದರು.

ಹೊರಗೆ ಬರುವ ಮೊದಲೇ, ಆಸ್ಪತ್ರೆಯ ಗಾಜಿನ ಬಾಗಿಲಿನಾಚೆ ಅವಳಿಗೆ ಗಂಡ ಕಂಡ. ರಸ್ತೆಯ ಆಚೆ ಅಂಚೆ ಕಚೇರಿ, ಅದರ ಪಕ್ಕ ಸಣ್ಣ ಉದ್ಯಾನ, ಅದರ ಬೆಂಚಿನ ಮೇಲೆ ಅವನು. ಅವಳ ಜೀವ ಒಂದು ಸಲ ಹಾರಿ ಬಾಯಿಗೆ ಬಂತು. ಬಂದಿದ್ದಾರೆ! ಹೇಗೋ ತಿಳಿದು ಬಂದಿದ್ದಾರೆ! ಆಮೇಲೆ ಅವನ ಪಕ್ಕದಲ್ಲಿ ಗುಂಗುರು ಕೂದಲಿನ ಹೆಂಗಸೊಬ್ಬಳು ಕಂಡಳು. ಅವಳ ಕೈ ಅವನ ಕೈಯಲ್ಲಿತ್ತು.

ಅಲ್ಲಿ ನೀನು ಯಾರೋ, ನಾನು ಯಾರೋ. ಹೊಲಿಗೆಯಮ್ಮ ಬಾಗಿಲು ತಳ್ಳಿ, ಆ ಕಡೆ ಕತ್ತು ತಿರುಗಿಸದೆ ಮೆಟ್ಟಿಲು ಇಳಿದಳು. ಆದರೆ ಹೊಲಿಯುವವರ ಕಣ್ಣು ಸೂಜಿಯ ಮೇಲಿದ್ದರೂ ಬಟ್ಟೆಯ ಅಂಚು ಕಾಣುತ್ತಲೇ ಇರುತ್ತದೆ. ಅವನು ತನ್ನನ್ನು ನೋಡಿದ್ದು ಕಂಡಿತು. ನೋಡಿದವನು ಆ ಹೆಂಗಸಿನ ಕಡೆ ಬಾಗಿ ಏನೋ ಹೇಳಿದ. ಹೇಳಿ ಕತ್ತು ಹಿಂದಕ್ಕೆ ಹಾಕಿ, ಹಲ್ಲೆಲ್ಲ ಕಾಣುವ ಹಾಗೆ ನಕ್ಕ. ಹೆಂಗಸೂ ನಕ್ಕು ಅವನ ಹೆಗಲು ತಟ್ಟಿದಳು.

ಕೆಲಸವಿರಬೇಕು, ಇದು ಅವನ ಕೆಲಸವೇ ಇರಬೇಕು ಎಂದು ಅವಳ ಬುದ್ಧಿ ಹೇಳಿತು. ಆದರೆ ಅಂಥ ನಗುವನ್ನು ಅವನು ಮನೆಯಲ್ಲಿ ಒಂದು ದಿನವೂ ನಕ್ಕಿರಲಿಲ್ಲ. ಕೆಲಸಕ್ಕಾಗಿ ಯಾರಾದರೂ ಹಾಗೆ ನಗಲು ಸಾಧ್ಯವೇ? ಹೆಂಗಸಿನ ವಿಷಯ ಅವಳು ಎಂದೋ ಮರೆತುಬಿಡುತ್ತಿದ್ದಳೋ ಏನೋ. ಆ ನಗುವನ್ನು ಮಾತ್ರ ಮರೆಯಲಾಗಲಿಲ್ಲ.

*

ಸ್ಮಶಾನದ ಹಳೆಯ ಭಾಗದಲ್ಲಿ ಮರಗಳ ಬೇರು ಕಲ್ಲುಗಳನ್ನು ವಾಲಿಸಿದ್ದವು. ಗುಂಡಿ ತೋಡಿದವರು ಗುದ್ದಲಿಗಳನ್ನು ಮಣ್ಣಿನ ರಾಶಿಗೆ ಚುಚ್ಚಿ ದೂರ ನಿಂತಿದ್ದರು. ದೊಡ್ಡ ಹೂಚಕ್ರ ಹಿಡಿದುಕೊಂಡು ವಯಸ್ಸಾದ ಗೃಹಸ್ಥರೊಬ್ಬರು ಹೊಲಿಗೆಯಮ್ಮನ ಹತ್ತಿರ ಬಂದರು. ಹೂಚಕ್ರದ ಪಟ್ಟಿಯ ಮೇಲೆ ‘ತೂಕ ಮತ್ತು ಅಳತೆ ಇಲಾಖೆ’ ಎಂದು ಬರೆದಿತ್ತು.

"ನಿಮ್ಮ ಯಜಮಾನರ ಮೇಲಧಿಕಾರಿಯಾಗಿದ್ದೆ," ಎಂದರು. "ಬಹಳ ನಿಖರವಾದ ಮನುಷ್ಯ. ಅವರ ತಕ್ಕಡಿ ಯಾವತ್ತೂ ವಾಲಿದ್ದಿಲ್ಲ."

ಈಗಲೂ ಅದೇ ತಕ್ಕಡಿ! ಹೊಲಿಗೆಯಮ್ಮ ಅವರ ಕಣ್ಣನ್ನೇ ನೋಡಿದಳು. ಅವರೂ ನೋಡಿದರು. ಸತ್ತವನನ್ನು ಇದಕ್ಕಿಂತ ಹೆಚ್ಚು ಹೊಗಳುವ ಹಾಗಿಲ್ಲ ಎಂದು ಆ ಕಣ್ಣು ಹೇಳುವಂತಿತ್ತು. ಅವಳು ಕೈ ಮುಗಿದಳು.

"ಜೀವ ತೇದಿದ್ದಕ್ಕೆ ಆಫೀಸಿಂದ ಒಬ್ರೇ ಬಂದಿರೋದು ನೋಡು," ಎಂದು ನಾದಿನಿ ಅಣ್ಣನ ಮಗಳ ಕಿವಿಯಲ್ಲಿ ಗೊಣಗಿದಳು. "ನಮ್ಮನೆಯೋರು ಹೋದಾಗ ಕಾರ್ಖಾನೆಗೆ ಕಾರ್ಖಾನೆಯೇ ಬಂದಿತ್ತು."

"ಅತ್ತೆ, ಮೆಲ್ಲಗೆ," ಎಂದಳು ಮಗಳು.

ಆದರೆ ಬಂದದ್ದು ಒಬ್ಬರೇ ಅಲ್ಲ. ಆಚೆ ಸಾಲಿನಲ್ಲಿ ಯಾರದೋ ಗೋರಿಯ ಕಲ್ಲನ್ನು ಒಬ್ಬ ಮುದುಕ ಬಹಳ ಹೊತ್ತಿನಿಂದ ಓದುತ್ತಿದ್ದ. ಅದರ ಮೇಲಿನ ಅಕ್ಷರಗಳು ಅಳಿಸಿಹೋಗಿ ಎಷ್ಟೋ ಕಾಲವಾಗಿತ್ತು. ನಲ್ಲಿಯ ಹತ್ತಿರ ಇನ್ನೊಬ್ಬ ಕೈ ತೊಳೆಯುತ್ತಿದ್ದ, ತೊಳೆಯುತ್ತಲೇ ಇದ್ದ. ಗೋಡೆಯ ಪಕ್ಕ ದಪ್ಪನೆಯವನೊಬ್ಬ ಯಾರನ್ನೋ ಕಾಯುವವನ ಹಾಗೆ ಗಡಿಯಾರ ನೋಡಿಕೊಳ್ಳುತ್ತಿದ್ದ. ಒಬ್ಬರಿಗೊಬ್ಬರು ಗುರುತಿಲ್ಲದವರ ಹಾಗೆ ನಿಂತಿದ್ದರು. ಅವರ ಕಾಲಿನಲ್ಲಿ ಮಾತ್ರ ಒಂದೇ ಥರದ, ಸದ್ದು ಮಾಡದ ರಬ್ಬರು ಅಟ್ಟೆಯ ಶೂಗಳಿದ್ದವು. ಈ ಜನ ಗುಂಪಾಗಿ ನಿಲ್ಲುವ ಹಾಗಿಲ್ಲ, ಗೆಳೆಯನ ಗುಂಡಿಯ ಪಕ್ಕದಲ್ಲೂ ನಿಲ್ಲುವ ಹಾಗಿಲ್ಲ ಎಂದು ಹೊಲಿಗೆಯಮ್ಮನಿಗೆ ಅರ್ಥವಾಯಿತು.

ಅವರಲ್ಲಿ ಹೆಂಗಸರಿರಲಿಲ್ಲ. ಅವಳ ಕಣ್ಣು ಗೇಟಿನಾಚೆಗೆ ಹೋಯಿತು. ರಸ್ತೆಯ ಬದಿ ಬಸ್ ನಿಲ್ದಾಣದ ಸೂರಿನ ಕೆಳಗೆ ಒಬ್ಬಳು ಮುದುಕಿ ಕೂತಿದ್ದಳು. ಒಂದು ಬಸ್ಸು ಬಂತು, ನಿಂತಿತು, ಹೋಯಿತು. ಮುದುಕಿ ಹತ್ತಲಿಲ್ಲ. ಇನ್ನೊಂದು ಬಂತು. ಅದನ್ನೂ ಹತ್ತಲಿಲ್ಲ. ತಲೆಗೆ ಕಟ್ಟಿದ ಬಟ್ಟೆಯ ಕೆಳಗಿನಿಂದ ಬೆಳ್ಳಗಿನ ಗುಂಗುರು ಕೂದಲು ಇಣುಕುತ್ತಿತ್ತು.

ಪೆಟ್ಟಿಗೆ ಇಳಿದಿತ್ತು. ಹೊಲಿಗೆಯಮ್ಮ ಒಂದು ಹಿಡಿ ಮಣ್ಣು ಹಾಕಿದಳು, ಮಗಳು ಹಾಕಿದಳು, ಉಳಿದವರೂ ಹಾಕಿದರು. ಗುಂಡಿ ಮುಚ್ಚಲು ಆಳುಗಳು ಗುದ್ದಲಿ ಎತ್ತುವ ಹೊತ್ತಿಗೆ ಹೊಲಿಗೆಯಮ್ಮ ಮಗಳ ಕೈ ಹಿಡಿದಳು.

"ಇಲ್ಲಿದ್ದು ನೋಡ್ಕೋ. ನಾನು ಬಂದೆ."

"ಎಲ್ಲಿಗೆ ಹೋಗ್ತಿದೀಯ? ಅಮ್ಮಾ! ಇನ್ನೂ ಮಣ್ಣು..."

"ಅತ್ತಿಗೆ, ಜನ ಏನಂದಾರು!" ಎಂದು ನಾದಿನಿ ಕೂಗಿದ್ದು ಬೆನ್ನ ಹಿಂದೆ ಕೇಳಿಸಿತು. ಅವಳು ತಿರುಗಿ ನೋಡಲಿಲ್ಲ.

*

ಅವಳು ಆಸ್ಪತ್ರೆಯಿಂದ ಬಂದ ಆ ದಿನ ಅವನು ಎಂದಿಗಿಂತ ಬೇಗ ಮನೆಗೆ ಬಂದಿದ್ದ. ಕೋಟು ಬಿಚ್ಚಿ ಮೊಳೆಗೆ ಹಾಕಿ, ಯಾರೂ ಹೇಳದೆಯೇ ಪಾತ್ರೆ ತೊಳೆದ. ಮಗಳ ಜಡೆ ಬಿಚ್ಚಿ ಬಾಚಿದ. ಆಮೇಲೆ ತನ್ನ ಕುರ್ಚಿಯನ್ನು ಹೊಲಿಗೆ ಯಂತ್ರದ ಪಕ್ಕಕ್ಕೆ ಎಳೆದು ಕೂತ. ಯಾವತ್ತೂ ಹಾಗೆ ಮಾಡಿದವನಲ್ಲ. ಅವಳು ತಲೆ ಬಗ್ಗಿಸಿ ಯಾರದೋ ಅಂಗಿಗೆ ಗುಂಡಿ ಹಾಕುತ್ತಿದ್ದಳು. ಕೂತಲ್ಲಿ ಮೈಯೆಲ್ಲ ನೋಯುತ್ತಿತ್ತು.

"ಇವತ್ತು ಎಲ್ಲಾದ್ರೂ ಹೋಗಿದ್ಯಾ?" ಎಂದು ಕೇಳಿದ.

ಆ ಪ್ರಶ್ನೆ ಕೇಳಿ ಅವಳಿಗೆ ಮೈ ಉರಿದುಹೋಯಿತು. ಕಣ್ಣಾರೆ ನೋಡಿ, ಪಕ್ಕದವಳ ಜೊತೆ ಸೇರಿ ನಕ್ಕು, ಈಗ ಎಲ್ಲಿಗೆ ಹೋಗಿದ್ದೆ ಎಂದು ಕೇಳುತ್ತಾನೆ! ನಿನ್ನನ್ನು ನೋಡಿದೆ ಎಂದು ಮೊದಲು ಇವನು ಹೇಳಲಿ. ಆಮೇಲೆ ನಾನು ಹೇಳುತ್ತೇನೆ.

"ಎಲ್ಲಿಗೂ ಇಲ್ಲ," ಎಂದಳು.

ಅವನು ಅವಳ ಕೈಯಲ್ಲಿದ್ದ ಅಂಗಿಯನ್ನೇ ನೋಡಿದ. "ಹೌದಾ," ಎಂದ. ದೀಪ ಹಚ್ಚುವ ಹೊತ್ತಾದರೂ ಅಲ್ಲಿಂದ ಏಳಲಿಲ್ಲ. ಅವಳು ಆ ಗುಂಡಿಯನ್ನು ಹಾಕಿ, ಬಿಚ್ಚಿ, ಮತ್ತೆ ಹಾಕಿದಳು.

*

"ಇಲ್ಲಿ ಕೂರಬಹುದಾ?"

ಮುದುಕಿ ಸರಿದು ಜಾಗ ಕೊಟ್ಟಳು. ಅವಳ ನೋಟ ರಸ್ತೆಯ ಮೇಲೆಯೇ ಇತ್ತು. "ಪೇಟೆ ಕಡೆ ಹೋಗೋ ಬಸ್ಸು ಇಲ್ಲೇ ನಿಲ್ಲುತ್ತಾ?" ಎಂದು ಅಪರಿಚಿತಳ ಹಾಗೆ ಕೇಳಿದಳು.

"ಆಗಿನಿಂದ ಬಂದದ್ದನ್ನೆಲ್ಲ ಬಿಟ್ಕೊಂಡು ಕೂತಿದೀರಲ್ಲ, ಅವೆಲ್ಲ ಪೇಟೆಗೇ ಹೋಗೋವು."

ಮುದುಕಿಯ ತುಟಿಯಂಚು ಅಲುಗಿತು. "ಗಮನಿಸಿಬಿಟ್ರಾ. ವಯಸ್ಸಾಯ್ತು ನನಗೆ. ಮುಂಚೆ ಆಗಿದ್ರೆ ಹೀಗೆ ಸಿಕ್ಕಿಬೀಳ್ತಿರ್ಲಿಲ್ಲ." ಆಮೇಲೆ ದನಿ ತಗ್ಗಿಸಿ ಹೇಳಿದಳು. "ನಾನು ಬರಬಾರ್ದಿತ್ತು. ಆದ್ರೂ ಮನಸ್ಸು ತಡೀಲಿಲ್ಲ."

"ನೀವು ಬರ್ಲಿ ಅಂತಾನೇ ಕಾಯ್ತಿದ್ದೆ. ಒಂದು ಮಾತು ಕೇಳ್ಬೇಕು."

"ಹೇಳೋ ಹಾಗಿದ್ರೆ ಹೇಳ್ತೀನಿ."

"ಅಂಚೆ ಕಚೇರಿ ಪಕ್ಕದ ಪಾರ್ಕು. ನೀವು, ನಮ್ಮನೆಯವರು ಬೆಂಚಿನ ಮೇಲೆ ಕೂತಿದ್ರಿ. ನಾನು ಎದುರಿನ ಆಸ್ಪತ್ರೆಯಿಂದ ಹೊರಗೆ ಬಂದೆ. ನನ್ನ ನೋಡಿ ಅವ್ರು ನಕ್ಕರು. ಯಾಕೆ ನಕ್ಕರು?"

ಮುದುಕಿ ಮೊದಲ ಬಾರಿಗೆ ತಿರುಗಿ ಅವಳ ಮುಖ ನೋಡಿದಳು. ಮುಖದ ಬಣ್ಣವೇ ಇಳಿದುಹೋಗಿತ್ತು.

"ನೀವು ನಮ್ಮನ್ನ ನೋಡಿದ್ರಾ?"

"ನೋಡ್ದೆ."

"ಸಾಧ್ಯವೇ ಇಲ್ಲ. ನಾನೂ ನಿಮ್ಮನ್ನೇ ನೋಡ್ತಿದ್ದೆ, ಅವ್ರೂ ನೋಡ್ತಿದ್ರು. ನಿಮ್ಮ ಕತ್ತು ತಿರುಗಲಿಲ್ಲ, ಹೆಜ್ಜೆ ತಡೀಲಿಲ್ಲ. ಮನುಷ್ಯರ ಬೆನ್ನು ನೋಡಿ ಅವ್ರು ಹೆದರಿದಾರಾ ಇಲ್ವಾ ಅಂತ ಹೇಳ್ತಿದ್ದೋರು ನಾವು." ಅವಳ ಮಾತು ತಡವರಿಸಿತು. "‘ಸದ್ಯ, ಅವಳು ನನ್ನ ನೋಡ್ಲಿಲ್ಲ’ ಅಂದ್ರು. ಕೊನೇವರ್ಗೂ ಹಾಗೇ ನಂಬಿದ್ರು."

"ಯಾಕೆ ನಕ್ಕರು?" ಹೊಲಿಗೆಯಮ್ಮ ಬಿಡಲಿಲ್ಲ.

ಮುದುಕಿ ಮಡಿಲಲ್ಲಿದ್ದ ಚೀಲವನ್ನು ಬಿಗಿಯಾಗಿ ಹಿಡಿದುಕೊಂಡಳು. "ನಾವು ಗಂಡ ಹೆಂಡ್ತಿ ಥರ ಕೂರ್ಬೇಕಿತ್ತು. ಗಂಡ ಹೆಂಡ್ತಿ ಬೆಂಚಿನ ಮೇಲೆ ಸುಮ್ನೆ ಕೂತಿದ್ರೆ, ಏನೋ ಜಗಳ ಆಗಿದೆ ಅಂತ ದಾರೀಲಿ ಹೋಗೋರೆಲ್ಲ ನೋಡ್ತಾರೆ. ನಗ್ತಾ ಮಾತಾಡ್ತಿದ್ರೆ ಯಾರೂ ನೋಡಲ್ಲ. ಅದಕ್ಕೇ ನಮಗೆ ಕಲಿಸಿದ್ರು. ಬಾಯಲ್ಲಿ ಏನೇ ಮಾತಿರ್ಲಿ, ಮುಖ ನಗ್ತಾ ಇರ್ಬೇಕು. ‘ಎಡಗಡೆ ಟೋಪಿಯವನು ಎದ್ದ’ ಅನ್ನೋದನ್ನೂ ನಗ್ತಾನೇ ಹೇಳ್ಬೇಕು. ಮಾತು ನಮ್ಮಿಬ್ಬರಿಗೆ, ಮುಖ ಬೀದಿಗೆ."

"ಅವತ್ತಿನ ಮಾತು ಏನು?"

"‘ಆ ಮೆಟ್ಟಿಲು ಇಳೀತಿರೋದು ನನ್ನ ಹೆಂಡ್ತಿ. ಕೈ ಹೊಟ್ಟೆ ಮೇಲಿಲ್ಲ. ಮಗು ಹೋಯ್ತು.’"

ರಸ್ತೆಯಲ್ಲಿ ಲಾರಿಯೊಂದು ಸದ್ದು ಮಾಡುತ್ತಾ ಹೋಯಿತು.

"ಕತ್ತು ಹಿಂದಕ್ಕೆ ಹಾಕಿ ನಕ್ಕರಲ್ಲ, ಆಗ ಅಂದಿದ್ದು ‘ಮಗು ಹೋಯ್ತು’ ಅಂತ," ಎಂದಳು ಮುದುಕಿ. "ಅಂಥ ನಗೂನ ನಾನು ಇನ್ಯಾರ ಮುಖದಲ್ಲೂ ನೋಡಿಲ್ಲ ಅಕ್ಕ. ನಾನೂ ನಗಬೇಕಿತ್ತು, ನಕ್ಕೆ."

"ಮಗು ವಿಷಯ ಅವ್ರಿಗೆ ಹೇಗೆ ಗೊತ್ತು? ನಾನು ಹೇಳೇ ಇರ್ಲಿಲ್ಲ."

"ಅಂಥೋರಿಗೆ ಹೇಳ್ಬೇಕಾ? ನಿಮಗಿಂತ ಮೊದ್ಲೇ ಅವ್ರಿಗೆ ಗೊತ್ತಾಗಿತ್ತೋ ಏನೋ. ನೀವು ನಡೆಯುವಾಗ ಕೈ ಹೊಟ್ಟೆ ಮೇಲೆ ಹೋಗ್ತಿತ್ತಂತೆ. ನಿಮ್ಮ ಲಂಗದ ಪಟ್ಟಿ ನೀವೇ ಸಡಿಲ ಮಾಡಿ ಹೊಲ್ಕೊಂಡ್ರಂತೆ. ಒಂದಿನ ಬಂದು ಬೆಂಚಿನ ಮೇಲೆ ಕೂತೋರೇ, ‘ಅವಳು ಇನ್ನೂ ನನಗೆ ಹೇಳಿಲ್ಲ, ಅವಳಾಗೇ ಹೇಳ್ಲಿ, ಆ ಖುಷಿ ನಾನ್ಯಾಕೆ ಕಿತ್ಕೊಳ್ಲಿ’ ಅಂದ್ರು." ಮುದುಕಿ ಕಣ್ಣೊರೆಸಿಕೊಂಡಳು. "ನೀವು ಹೇಳಿದಾಗ ಆಶ್ಚರ್ಯ ಆದ ಹಾಗೆ ಮುಖ ಮಾಡ್ಬೇಕಲ್ಲ, ಅದನ್ನ ನನ್ನೆದುರು ಅಭ್ಯಾಸ ಮಾಡ್ತಿದ್ರು. ಹುಬ್ಬು ಮೇಲೇರಿಸೋದು, ‘ಹೌದೇನೇ!’ ಅನ್ನೋದು. ‘ಹೀಗೆ ಮಾಡಿದ್ರೆ ನಂಬ್ತಾಳಾ?’ ಅಂತ ನನ್ನ ಕೇಳೋದು. ‘ಜಾಸ್ತಿ ಆಯ್ತು, ಸ್ವಲ್ಪ ಕಮ್ಮಿ ಮಾಡಿ’ ಅಂತ ನಾನು ಹೇಳೋದು. ಆ ದಿನಗಳಲ್ಲಿ ನಾವು ನಿಜವಾಗಿ ನಗ್ತಿದ್ವಿ."

ಹೊಲಿಗೆಯಮ್ಮ ಆ ಮುಖವನ್ನು ಕಲ್ಪಿಸಿಕೊಳ್ಳಲು ನೋಡಿದಳು. ಮೇಲೇರಿದ ಹುಬ್ಬು, ‘ಹೌದೇನೇ!’ ಎನ್ನುವ ಬಾಯಿ. ಕಣ್ಣಿಗೆ ಬರಲಿಲ್ಲ. ಅದು ಅವಳಿಗಾಗಿಯೇ ತಯಾರಾದ ಮುಖ. ಅದನ್ನು ಕಂಡವಳು ಮಾತ್ರ ಈ ಹೆಂಗಸು. ಹೊಲಿಗೆಯಮ್ಮನಿಗೆ ಹೊಟ್ಟೆಕಿಚ್ಚಾಯಿತು. ಇಷ್ಟು ವರ್ಷ ಇರದಿದ್ದ ಹೊಟ್ಟೆಕಿಚ್ಚು ಈಗ, ಗಂಡನ ಮೇಲೆ ಮಣ್ಣು ಬೀಳುತ್ತಿರುವಾಗ.

"ಎದ್ದು ಬರಬಹುದಿತ್ತಲ್ಲ," ಎಂದಳು. ದನಿ ತನ್ನದಲ್ಲ ಎನ್ನಿಸಿತು. "ರಸ್ತೆ ದಾಟಿ, ಒಂದು ಸಲ."

"ಅಂಚೆ ಕಚೇರಿಗೆ ಒಬ್ಬ ಬರೋನಿದ್ದ. ಅವನು ಯಾರ ಕೈಗೆ ಏನು ಕೊಡ್ತಾನೆ ಅಂತ ನೋಡ್ಬೇಕಿತ್ತು. ತಿಂಗಳುಗಟ್ಟಲೆ ಕಾದಿದ್ವಿ. ಅವ್ರು ಎದ್ದಿದ್ರೆ ಎಲ್ಲಾ ನೀರಲ್ಲಿ ಹೋಮ ಮಾಡಿದ ಹಾಗಾಗೋದು."

"ಸಿಕ್ಕಿದ್ನಾ?"

"ಅವತ್ತು ಅವನು ಬರ್ಲೇ ಇಲ್ಲ. ಆಮೇಲೂ ಬರ್ಲಿಲ್ಲ. ಅಂಚೆ ಕಚೇರಿ ಬಾಗ್ಲು ಹಾಕೋವರ್ಗೂ ನಾವು ಅಲ್ಲೇ ನಗ್ತಾ ಕೂತಿದ್ವಿ."

ಸ್ಮಶಾನದ ಒಳಗಿನಿಂದ ಗುದ್ದಲಿಯ ಸದ್ದು ಕೇಳಿಸುತ್ತಿತ್ತು. ಆಮೇಲೆ ಅದೂ ನಿಂತಿತು.

"ಮನೆಗೆ ಬಂದು ಕೇಳಿದ್ರು, ‘ಎಲ್ಲಾದ್ರೂ ಹೋಗಿದ್ಯಾ’ ಅಂತ," ಎಂದಳು ಹೊಲಿಗೆಯಮ್ಮ. "ಇಲ್ಲ ಅಂದೆ. ‘ನಿನ್ನ ನೋಡಿದೆ’ ಅಂತ ಅವರ ಬಾಯಿಂದ ಬರ್ಲಿ ಅಂತ ಹಠ ಹಿಡಿದು ಇಲ್ಲ ಅಂದೆ."

"ನೋಡಿದೆ ಅಂದ್ರೆ ಎಲ್ಲಿ, ಯಾರ ಜೊತೆ, ಯಾಕೆ ಅಂತ ಹೇಳ್ಬೇಕಾಗ್ತಿತ್ತು. ಹೇಳೋ ಹಾಗಿರ್ಲಿಲ್ಲ. ನೀವೇ ಹೇಳ್ತೀರಿ ಅಂತ ಕಾದ್ರು. ಎಷ್ಟೋ ದಿನ, ಬೆಳಿಗ್ಗೆ ಬಂದು ಕೂತ ತಕ್ಷಣ, ‘ನಿನ್ನೇನೂ ಹೇಳ್ಲಿಲ್ಲ’ ಅನ್ನೋರು. ನಗ್ತಾನೇ ಅನ್ನೋರು. ಒಂದಿನ ಅಂದ್ರು, ‘ನನ್ನ ಹತ್ರ ಅಳೋದಕ್ಕೆ ಅವಳಿಗೆ ಮನಸ್ಸಿಲ್ಲ, ಇರ್ಲಿ ಬಿಡು’ ಅಂತ. ಅದಾದ್ಮೇಲೆ ಆ ಮಾತು ಎತ್ತಲಿಲ್ಲ."

"ಎಲ್ಲಾ ನಿಮ್ಮ ಹತ್ರಾನೇ ಹೇಳಿದ್ರು."

"ದಿನವಿಡೀ ಏನಾದ್ರೂ ಮಾತಾಡ್ಬೇಕಲ್ಲ ಅಕ್ಕ. ಅವ್ರಿಗೆ ಬರ್ತಿದ್ದದ್ದು ನಿಮ್ಮದೊಂದೇ ಮಾತು. ನೀವು ಸೂಜಿಗೆ ದಾರ ಪೋಣಿಸುವಾಗ ನಾಲಿಗೆ ತುದಿ ಹೊರಗೆ ಹಾಕೋದು, ಗಿರಾಕಿಗಳು ಹೋದ್ಮೇಲೆ ಅವರ ಥರಾನೇ ಮಾತಾಡಿ ಅಣಕಿಸೋದು, ಎಲ್ಲಾ ಗೊತ್ತು ನನಗೆ. ಮನೆಗೆ ಹೋಗೋ ಹೊತ್ತಿಗೆ ಒಂದು ಮಾತೂ ಉಳಿದಿರಲ್ಲ ಅಂತಿದ್ರು. ನನ್ನ ಮನೆ ಎಲ್ಲಿ, ನನಗೆ ಮಕ್ಕಳಿದಾರಾ, ಒಂದಿನಾನೂ ಕೇಳ್ಲಿಲ್ಲ ಪುಣ್ಯಾತ್ಮ. ಕೇಳೋ ಹಾಗೂ ಇರ್ಲಿಲ್ಲ ಬಿಡಿ."

ಹೊಲಿಗೆಯಮ್ಮ ಅವಳ ಕಡೆ ತಿರುಗಿದಳು. "ಇದಾರಾ?"

ಮುದುಕಿ ತಲೆಯಲ್ಲಾಡಿಸಿದಳು. ಇಲ್ಲವೆಂದೋ, ಹೇಳುವುದಿಲ್ಲವೆಂದೋ, ತಿಳಿಯಲಿಲ್ಲ. ತಿರುವಿನಲ್ಲಿ ಬಸ್ಸು ಕಾಣಿಸಿಕೊಂಡಿತು. ಈ ಸಲ ಅವಳು ಕೋಲು ಊರಿ ಎದ್ದಳು. ಹೊಲಿಗೆಯಮ್ಮನ ಕೈಯನ್ನು ಒಂದು ಸಲ ಒತ್ತಿ ಹಿಡಿದು ಬಿಟ್ಟಳು. ಹಾಗೆ ಮಾಡುವುದು ಅವರ ಕಟ್ಟಳೆಗೆ ವಿರುದ್ಧವಿತ್ತೋ ಏನೋ. ಬಸ್ಸು ಹತ್ತಿದವಳು ಹಿಂದಿರುಗಿ ನೋಡಲಿಲ್ಲ.

*

ಮಗಳು ಗೇಟಿನಿಂದ ಓಡುತ್ತಲೇ ಬಂದಳು. ಶೂವಿಗೆಲ್ಲ ಕೆಂಪು ಮಣ್ಣು ಮೆತ್ತಿತ್ತು.

"ಅಮ್ಮ, ಎಲ್ಲಾ ಆಯ್ತು. ಅತ್ತೆ ಅಲ್ಲಿ ಎಲ್ಲರೆದುರಿಗೆ ಕೂಗಾಡ್ತಿದಾರೆ. ಹೀಗಾ ಬಿಟ್ಟು ಬರೋದು?" ಅಮ್ಮನ ಮುಖ ನೋಡಿ ಅವಳ ದನಿ ಇಳಿಯಿತು. "ಯಾರಮ್ಮ ಅವ್ರು?"

ಹೊಲಿಗೆಯಮ್ಮನ ಬಾಯಿಗೆ ಬಂದದ್ದು ‘ಯಾರೂ ಇಲ್ಲ’ ಎಂಬ ಮಾತು. ಅಭ್ಯಾಸವಾಗಿಹೋಗಿತ್ತು. ಎಲ್ಲಿಗೂ ಇಲ್ಲ, ಯಾರೂ ಇಲ್ಲ, ಏನೂ ಇಲ್ಲ. ಈ ಮಾತುಗಳಲ್ಲೇ ಇಬ್ಬರೂ ಒಂದು ಬಾಳನ್ನು ಮುಗಿಸಿದ್ದರು. ಗಂಡನಾದರೂ ಸರ್ಕಾರ ಹೇಳಿತೆಂದು ಮುಚ್ಚಿಟ್ಟ. ತನಗೆ ಯಾರು ಹೇಳಿದ್ದರು?

"ಕೂತ್ಕೋ," ಎಂದಳು.

"ಮನೆಗೆ ಹೋಗಿ ಮಾತಾಡೋಣ್ವಾ? ಇದು ಬಸ್ ಸ್ಟ್ಯಾಂಡು."

"ಇಲ್ಲೇ ಕೂತ್ಕೋ. ನೀನಾದ್ಮೇಲೆ ನನ್ನ ಹೊಟ್ಟೇಲಿ ಇನ್ನೊಂದು ಮಗು ಇತ್ತು."

ಅಷ್ಟು ಹೇಳಿದ್ದೇ, ಅವಳ ಗಂಟಲಿನಿಂದ ಒಂದು ಸದ್ದು ಹೊರಟಿತು. ಮಗಳು ಆ ಸದ್ದನ್ನು ಈ ಮೊದಲು ಕೇಳಿದವಳಲ್ಲ. ಅಪ್ಪನ ಉಸಿರು ನಿಂತಾಗಲೂ ಅಮ್ಮ ಹಾಗೆ ಅತ್ತಿರಲಿಲ್ಲ. "ನಿಮ್ಮಪ್ಪಂಗೆ ಗೊತ್ತಿತ್ತು ಕಣೇ," ಎಂದು ಅಳುವಿನ ನಡುವೆಯೇ ಹೇಳಿದಳು, "ಎಲ್ಲಾ ಗೊತ್ತಿತ್ತು." ಕಣ್ಣಿನಿಂದ, ಮೂಗಿನಿಂದ ನೀರು ಸುರಿಯುತ್ತಿತ್ತು, ಬಾಯಿ ಸೊಟ್ಟಗಾಗಿತ್ತು. ಮಗಳು ಗಾಬರಿಯಾಗಿ ಅವಳ ಬೆನ್ನು ಸುತ್ತಿ ಕೈ ಹಾಕಿದಳು.

ಬಸ್ಸು ಇನ್ನೂ ಹೊರಟಿರಲಿಲ್ಲ. ಮೆಟ್ಟಿಲ ಮೇಲಿದ್ದ ಕಂಡಕ್ಟರು ಸೀಟಿಯನ್ನು ತುಟಿಗಿಟ್ಟುಕೊಂಡವನು ಊದುವುದನ್ನೇ ಮರೆತು ನಿಂತ. ಸಾಲು ಕಿಟಕಿಗಳಲ್ಲಿ ಒಂದೊಂದೇ ತಲೆ ಇತ್ತ ತಿರುಗಿತು. ದಾರಿಯಲ್ಲಿ ಹೋಗುತ್ತಿದ್ದವರೂ ನಿಂತರು.

"ಅಮ್ಮ, ಎಲ್ರೂ ನೋಡ್ತಿದಾರೆ," ಎಂದು ಮಗಳು ಪಿಸುಗುಟ್ಟಿ ತನ್ನ ಕರ್ಚೀಫು ಚಾಚಿದಳು.

ಹೊಲಿಗೆಯಮ್ಮ ಅದನ್ನು ತೆಗೆದುಕೊಳ್ಳಲಿಲ್ಲ. ಎರಡೂ ಕೈಗಳನ್ನು ಮಡಿಲಲ್ಲಿ ಬಿಟ್ಟು, ಮುಖವನ್ನು ಬೀದಿಯ ಕಡೆಗೇ ಎತ್ತಿ, ಅಳುತ್ತಾ ಕೂತಳು.